ಬಾಡಿಗೆ ಹುಡುಗನ ಆಧಾರ್ ಬಡಾವಣೆ ಗ್ರೂಪಿಗೆ ಹಾಕಿ ಅಂತಿದ್ದಾರೆ. ಹಾಕೋದಾ, ಬಿಡೋದಾ?

ಮಹಡಿಮನೆ · ಭಾನುವಾರ ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಮೈಸೂರಿನ ರಿಂಗ್ ರೋಡ್ ಆಚೆಗಿನ ಒಂದು ಬಡಾವಣೆ ನಮ್ಮದು. ಮಹಡಿ ಮೇಲೆ ಒಂದು ಸಿಂಗಲ್ ರೂಮಿದೆ. ಹೋದ ತಿಂಗಳು ಒಬ್ಬ ಹುಡುಗನಿಗೆ ಕೊಟ್ವಿ. ಕೊಪ್ಪಳದ ಕಡೆಯವನು, ಇಲ್ಲಿ ಮೊಬೈಲ್ ರಿಪೇರಿ ಕಲಿಯೋಕೆ ಬಂದಿದಾನೆ. ಮುಸ್ಲಿಂ ಹುಡುಗ. ಅಡ್ವಾನ್ಸ್ ಕೊಟ್ಟ, ಆಧಾರ್ ಜೆರಾಕ್ಸ್ ಕೊಟ್ಟ. ನಮ್ಮಮ್ಮನಿಗೆ ಅವನ ಮೇಲಿರೋ ದೂರು ಒಂದೇ, ರಾತ್ರಿ ಗೇಟು ಧಡಾರ್ ಅಂತ ಹಾಕ್ತಾನೆ ಅನ್ನೋದು.

ಈಗ ವಿಷಯಕ್ಕೆ ಬರ್ತೀನಿ. ಬಡಾವಣೆಗೊಂದು ವಾಟ್ಸಾಪ್ ಗ್ರೂಪಿದೆ, 180 ಜನ ಇದ್ದಾರೆ. ಇಷ್ಟು ದಿನ ಕಸದ ಗಾಡಿ, ಬೀದಿನಾಯಿ, ಕಾವೇರಿ ನೀರು ಯಾವಾಗ ಬಿಡ್ತಾರೆ, ಇಷ್ಟೇ. ಮೊನ್ನೆ ಅಡ್ಮಿನ್ ಒಂದು ಮೆಸೇಜ್ ಹಾಕಿದ್ರು: "ಭದ್ರತೆ ದೃಷ್ಟಿಯಿಂದ ಎಲ್ಲ ಮಾಲೀಕರೂ ಬಾಡಿಗೆದಾರರ ಫೋಟೋ, ಆಧಾರ್, ಕೆಲಸದ ವಿವರ ಗ್ರೂಪಿಗೆ ಹಾಕತಕ್ಕದ್ದು." ಎಲ್ಲ ಮಾಲೀಕರೂ ಅಂತಿದೆ. ಆದ್ರೆ ನಮ್ಮ ರೋಡಲ್ಲೇ ಇನ್ನೂ ಮೂರು ಮನೇಲಿ ಬ್ಯಾಚುಲರ್ ಹುಡುಗರಿದ್ದಾರೆ, ಅವರ ಮಾಲೀಕರಿಗೆ ಯಾರೂ ಫೋನ್ ಮಾಡಿಲ್ಲ. ನಮ್ಮಪ್ಪನಿಗೆ ಮಾತ್ರ ಎರಡು ಸಲ ಬಂತು.

ಅವರ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2022ರ ನವೆಂಬರಲ್ಲಿ ಮಂಗಳೂರಲ್ಲಿ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ ಆರೋಪಿ ಮೈಸೂರಲ್ಲೇ ರೂಮ್ ಮಾಡ್ಕೊಂಡಿದ್ದ, ಮೊಬೈಲ್ ರಿಪೇರಿ ಕಲೀತಿದ್ದ. ನಮ್ಮ ಹುಡುಗನ ಕಥೆಯೂ ಅಕ್ಷರಶಃ ಹಾಗೇ ಇದೆಯಲ್ಲ.

ಒಂದು ತಪ್ಪೊಪ್ಪಿಗೆ. ಮೆಸೇಜ್ ಬಂದ ದಿನ ಸಾಯಂಕಾಲ ಬಟ್ಟೆ ಎತ್ತೋ ನೆಪದಲ್ಲಿ ನಾನು ಟೆರೇಸಿಗೆ ಹೋಗಿ ಅವನ ಕಿಟಕಿಯೊಳಗೆ ಇಣುಕಿದೆ. ಕುಕ್ಕರ್ ಇತ್ತು. ಮೂರು ಲೀಟರಿಂದು, ಹಿಡಿಗೆ ತಂತಿ ಸುತ್ತಿದ್ದ. ನಾನು ನೋಡ್ತಿದ್ದ ಹಾಗೇ ಒಂದು ವಿಷಲ್ ಹೊಡೀತು, ಅನ್ನದ ಗಂಜಿ ಉಕ್ಕಿ ಒಲೆ ಮೇಲೆ ಇಳೀತು. ಒಣಗಿದ ಟವೆಲ್ ಹಿಡ್ಕೊಂಡು ಕೆಳಗೆ ಬಂದೆ. ನಾಚಿಕೆಯಾಯ್ತು, ಆದ್ರೆ ಭಯ ಪೂರ್ತಿ ಹೋಗ್ಲಿಲ್ಲ.

ಏನ್ಮಾಡ್ಲಿ ಹೇಳಿ. ಹಾಕೋದಾ, ಬಿಡೋದಾ?

ಅವರೆಮೇಳ · 9:20

ಬಿಡೋದು. ಮುಗೀತು.

ಗಿರಿನಗರ_ಗಿರಿ · 9:31

ಹಾಕಿ ಸಾರ್. ಏನೂ ತಪ್ಪು ಮಾಡದೋನಿಗೆ ಯಾಕೆ ಭಯ? ನನ್ನ ಆಧಾರ್ ಕೇಳಿದ್ರೆ ನಾನೂ ಹಾಕ್ತೀನಿ.

ಅವರೆಮೇಳ · 9:33

ಸರಿ, ಇಲ್ಲೇ ಹಾಕಿ. ಕಾಯ್ತಿದೀನಿ.

ಗಿರಿನಗರ_ಗಿರಿ · 9:40

ಇಲ್ಲಿ ಯಾಕೆ ಹಾಕ್ಲಿ, ಇಲ್ಲಿ ಯಾರ್ಯಾರು ಇರ್ತಾರೋ ಏನೋ.

ಅವರೆಮೇಳ · 9:41

😂 ಆ ಗ್ರೂಪಲ್ಲಿರೋ 180 ಜನ ಯಾರ್ಯಾರು ಅಂತ ಆ ಹುಡುಗನಿಗೆ ಗೊತ್ತಾ?

ಉಣಕಲ್_ಕೆರಿ_ದಂಡಿ · 9:58

ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಎಲ್ಲಾರೂ ಆ ಕುಕ್ಕರ್ ಕೇಸ್ ಹೇಳ್ತಾರ, ಅದರೊಳಗಿನ ಅರ್ಧಾ ಕಥಿ ಯಾರೂ ಹೇಳಂಗಿಲ್ಲ. ಆ ಆರೋಪಿ ಕಡೆ ಇದ್ದ ಆಧಾರ್ ಯಾರದು? ನಮ್ಮ ಹುಬ್ಬಳ್ಳಿಯ ರೈಲ್ವೆ ನೌಕರ ಒಬ್ಬರದು. ಪಾಪ, ಅವರು ಕಾರ್ಡ್ ಕಳ್ಕೊಂಡಿದ್ರಂತ. ಮೈಸೂರಾಗ ರೂಮ್ ಹಿಡಿದಿದ್ದು ಅದೇ ಹೆಸರಿನ ಮ್ಯಾಲೆ. ಆಟೋದಾಗ ಸಿಡಿದ ಮ್ಯಾಲೆ ಪೊಲೀಸರು ಮೊದಲು ಯಾರನ್ನ ಹುಡುಕಿದ್ರು? ಇವರನ್ನ. ಟಿವಿಯವರು ಮೈಕ್ ಹಿಡಿದಿದ್ದೂ ಇವರ ಮುಂದನ.

ಅಂದ್ರ ರೂಮ್ ಕೊಟ್ಟವರು ಆಧಾರ್ ಇಸ್ಕೊಂಡಿದ್ರು, ತಪ್ಪದ. ಜೆರಾಕ್ಸ್ ಇಸ್ಕೊಂಡು ಕಪಾಟಿನಾಗ ಇಟ್ರ ಏನಾತು? ಅದು ಯಾರ ಆಧಾರ್ ಅಂತ ನೋಡಿದ್ದು ಯಾರು? ಈಗ ನೀವು ಈ ಹುಡುಗನ ಕಾರ್ಡ್ 180 ಮಂದಿ ಫೋನಿಗೆ ಹಾಕ್ರಿ. ನಾಳೆ ಅದನ್ನ ಇನ್ನೊಬ್ಬ ಯಾವನರ ತಗೊಂಡು ರೂಮ್ ಹಿಡದ್ರ, ಪೊಲೀಸರು ನಿಮ್ಮ ಮಹಡಿ ಬಾಗಿಲಾ ಬಡೀತಾರ.

ಮಹಡಿಮನೆ · 10:05

ಇದು ನನಗೆ ಹೊಳೆದೇ ಇರಲಿಲ್ಲ.

ಬಿಟ್ಟುಬಾಕ್ಸ್ · 10:22

ಉಣಕಲ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಾರ್ಡಿನ ಮೇಲಿನ ಫೋಟೋ ಬದಲಾಯಿಸೋದು ಈಗ ಮಕ್ಕಳಾಟ. ಆದ್ರೆ ಕಾರ್ಡಲ್ಲಿರೋ ಕ್ಯೂಆರ್ ಕೋಡ್ ಒಳಗೂ ಹೆಸರು, ವಿಳಾಸ, ಸಣ್ಣ ಫೋಟೋ ಇರುತ್ತೆ, ಅದಕ್ಕೆ ಡಿಜಿಟಲ್ ಸಹಿ ಇರುತ್ತೆ. ಅದನ್ನ ತಿದ್ದೋಕಾಗಲ್ಲ. ಆಧಾರ್‌ನವರದೇ ಆ್ಯಪಲ್ಲಿ ಸ್ಕ್ಯಾನ್ ಮಾಡಿ, ಎದುರಿಗೆ ನಿಂತಿರೋ ಮುಖಕ್ಕೂ ಪರದೆ ಮೇಲಿನ ಮುಖಕ್ಕೂ ಹೋಲಿಸಿ. ಅರ್ಧ ನಿಮಿಷದ ಕೆಲಸ. ಜೆರಾಕ್ಸ್ ಇಟ್ಕೊಳ್ಳಲೇಬೇಕು ಅಂದ್ರೆ ಮಾಸ್ಕ್ಡ್ ಆಧಾರ್ ಕೇಳಿ, ಮೊದಲ ಎಂಟು ಅಂಕಿ ಮುಚ್ಚಿರುತ್ತೆ.

ಒಂದು ತಮಾಷೆ ನೆನಪಿದೆಯಾ? 2022ರ ಮೇ 27ಕ್ಕೆ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ "ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು" ಅಂತ ಪ್ರಕಟಣೆ ಹೊರಡಿಸ್ತು. ದೇಶವೆಲ್ಲ ಗಲಾಟೆ. 29ಕ್ಕೆ "ತಪ್ಪಾಗಿ ಅರ್ಥ ಮಾಡ್ಕೋತಾರೆ" ಅಂತ ವಾಪಸ್ ತಗೊಂಡ್ರು. ಆರು ತಿಂಗಳಿಗೆ ಮಂಗಳೂರಲ್ಲಿ ಕುಕ್ಕರ್ ಸಿಡೀತು.

ತೊಕ್ಕೊಟ್ಟು_ಎಕ್ಸ್‌ಪ್ರೆಸ್ · 10:47

ನಾನು ಇರುವುದು ಮಂಗಳೂರಿನಲ್ಲಿ ಆ ಆಟೋ ಸಿಡಿದ ನಾಗುರಿಯಿಂದ ಹೆಚ್ಚು ದೂರ ಇಲ್ಲ. ಆ ದಿನ ಶನಿವಾರ, ಸಂಜೆ. ಮೊದಲು ಎಲ್ಲರೂ ಆಟೋಗೆ ಬೆಂಕಿ ಬಿದ್ದದ್ದು, ಗ್ಯಾಸೋ ಎಂತದೋ ಅಂತಲೇ ಹೇಳಿದ್ದು. ಮರುದಿನ ಪೊಲೀಸ್ ಮುಖ್ಯಸ್ಥರು ಇದು ಆಕಸ್ಮಿಕ ಅಲ್ಲ, ಭಯೋತ್ಪಾದನೆ ಕೃತ್ಯ ಅಂದಾಗ ಹೊಟ್ಟೆಯೊಳಗೆ ಏನೋ ಆದ ಹಾಗೆ ಆಯಿತು. ಆಟೋದವರಿಗೆ ಸುಟ್ಟ ಗಾಯ. ಬಾಡಿಗೆ ಹತ್ತಿಸಿಕೊಂಡದ್ದು ಬಿಟ್ಟರೆ ಅವರು ಮಾಡಿದ ತಪ್ಪು ಎಂತದ್ದು?

ಹಾಗಾಗಿ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಊರಿನದ್ದೇ ಇನ್ನೊಂದು ಕಥೆ ಉಂಟು. 2020ರ ಜನವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಬಾಂಬಿನ ಬ್ಯಾಗ್ ಸಿಕ್ಕಿತಲ್ಲ? ಸಿಸಿ ಕ್ಯಾಮೆರಾದಲ್ಲಿ ಟೋಪಿ ಹಾಕಿದವ ಒಬ್ಬ ಆಟೋದಲ್ಲಿ ಬಂದು ಹೋದದ್ದು ಕಂಡಿತು. ನಮ್ಮ ಕುಟುಂಬದ ಗ್ರೂಪಿನಲ್ಲಿ ಒಂದೇ ಗಂಟೆಯೊಳಗೆ ಆರೋಪಿಯ ಜಾತಿ, ಧರ್ಮ, ಊರು ಎಲ್ಲ ನಿರ್ಧಾರ ಆಯಿತು ಮಾರಾಯ್ರೆ. ನನ್ನ ಚಿಕ್ಕಪ್ಪ ಓಣಿಯ ಹೆಸರು ಸಮೇತ ಹೇಳಿದರು. ಎರಡು ದಿನಕ್ಕೆ ಆಸಾಮಿ ಬೆಂಗಳೂರಿನಲ್ಲಿ ಹೋಗಿ ಶರಣಾದ. ನೋಡಿದರೆ ಮಣಿಪಾಲದ ಕಡೆಯವ, ಎಂಜಿನಿಯರಿಂಗ್ ಓದಿದವ, ಹೆಸರು ನಮ್ಮ ಚಿಕ್ಕಪ್ಪ ಹೇಳಿದ ಧರ್ಮದ್ದೇ ಅಲ್ಲ. ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗಲಿಲ್ಲ ಅಂತ ಸಿಟ್ಟು. ಸಾಮಾನು ಆನ್‌ಲೈನಿನಲ್ಲಿ ತರಿಸಿಕೊಂಡದ್ದಂತೆ.

ಗ್ರೂಪು ಎರಡು ದಿನ ಮೌನ. ಮೂರನೇ ದಿನ ಚಿಕ್ಕಪ್ಪ "ಮಾನಸಿಕ ಅಸ್ವಸ್ಥ ಪಾಪ" ಅಂತ ಹಾಕಿದರು.

ಅವರೆಮೇಳ · 10:50

ಕೊನೇ ಸಾಲು 👌 ಎಲ್ಲರ ಮನೆಯಲ್ಲೂ ಒಬ್ಬ ಚಿಕ್ಕಪ್ಪ.

ಕಟ್ಟುನಿಟ್ಟು · 11:02

[ಈ ಕಾಮೆಂಟನ್ನು ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ · 11:15

"ಆ ಜನಕ್ಕೆ ಮನೆ ಕೊಡಲೇಬಾರದು" ಅನ್ನೋ ಧಾಟಿಯ ಮಾತಿಗೆ ಇಲ್ಲಿ ಜಾಗ ಇಲ್ಲ. ಎರಡನೇ ಸಲ ಆದ್ರೆ ಖಾತೆ ಬಂದ್. ಉಳಿದವರು ಮುಂದುವರಿಸಿ.

ಕಟ್ಟುನಿಟ್ಟು · 11:21

ನಿಜ ಹೇಳಿದ್ರೆ ಡಿಲೀಟು. ಚೆನ್ನಾಗಿದೆ ವಾಕ್ ಸ್ವಾತಂತ್ರ್ಯ.

ಚಹಾ_ಕಡಕ್ · 11:48

ಡಿಲೀಟ್ ಆಗೋ ಮುಂಚೆ ಓದಿದೆ. ಹೊಸದೇನಿರಲಿಲ್ಲ, ಮನೆ ಹುಡುಕೋವಾಗ ಎದುರಿಗೇ ಕೇಳಿದೀನಿ. ಬೆಂಗಳೂರಲ್ಲಿ ಹದಿಮೂರು ಮನೆ ನೋಡಿದೆ. ಫೋನಲ್ಲಿ "ಬನ್ನಿ ಸಾರ್, ನೋಡಿ" ಅಂತಾರೆ. ನನ್ನ ಕನ್ನಡ ಕೇಳಿ ಖುಷಿಪಡ್ತಾರೆ. ಹೆಸರು ಕೇಳಿದ ಮೇಲೆ "ಅಯ್ಯೋ ನಿನ್ನೆ ತಾನೇ ಅಡ್ವಾನ್ಸ್ ಆಯ್ತಲ್ಲಾ". ಒಬ್ಬರಂತೂ ಪಾಪ ಸುಳ್ಳು ಹೇಳೋಕೆ ಬರದೆ "ನಮಗೇನಿಲ್ಲಪ್ಪ, ನಮ್ಮ ಅತ್ತೆ ಒಪ್ಪಲ್ಲ" ಅಂದ್ರು. ಅವರ ಅತ್ತೆ ಹಿಂದೆ ಕೂತು ಸೊಪ್ಪು ಬಿಡಿಸ್ತಾ ಇದ್ರು. "ನಾನ್ಯಾವಾಗ ಹೇಳ್ದೆ?" ಅಂದುಬಿಟ್ರು.

ಆದ್ರೆ ನನ್ನ ಭಯ ಏನು ಅಂತ ಗೊತ್ತಾ? ಅದೂ ನಮ್ಮ ಮನೆಯೊಳಗೇ ಇದೆ. ನಮ್ಮಣ್ಣನ ಮಗ ಹತ್ತನೇ ಕ್ಲಾಸು. ಲಾಕ್‌ಡೌನಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಫೋನ್ ಕೊಡಿಸಿದ್ದು. ಮೊದಲು ಕ್ರಿಕೆಟ್ಟು, ಆಮೇಲೆ ಯಾರೋ ಇಂಗ್ಲಿಷಲ್ಲಿ ಧರ್ಮ ಹೇಳೋರು, ಅದರ ಹಿಂದೆ ಇನ್ನೊಬ್ಬರು, ಅವರಿಗಿಂತ ಕಟ್ಟಾ ಇನ್ನೊಬ್ಬರು. ಒಂದು ವಿಡಿಯೋ ಮುಗಿಯೋ ಮುಂಚೆ ಇನ್ನೊಂದು ತಾನೇ ಶುರುವಾಗುತ್ತಲ್ಲ. ಹೋದ ವರ್ಷ ಉರುಸಿಗೆ ನಮ್ಮಜ್ಜಿ ದರ್ಗಾಕ್ಕೆ ಚಾದರ ತಗೊಂಡು ಹೊರಟ್ರೆ "ಅದು ಶಿರ್ಕ್, ನೀನು ನರಕಕ್ಕೆ ಹೋಗ್ತೀಯ" ಅಂದ. ಶಿರ್ಕ್ ಅಂದ್ರೆ ದೇವರಿಗೆ ಇನ್ನೊಬ್ಬರನ್ನ ಸಮ ಮಾಡೋ ಪಾಪ. ಎಪ್ಪತ್ತೆಂಟು ವರ್ಷದ ಅಜ್ಜಿಗೆ! ಅಜ್ಜಿ ಅತ್ತುಬಿಟ್ಟಳು. ಬಾಂಬು, ಗೀಂಬು ಎಲ್ಲ ದೂರದ ಮಾತು. ಶುರುವಾಗೋದು ಹೀಗೆ, ಅಜ್ಜಿಯನ್ನ ಅಳಿಸೋದ್ರಿಂದ.

ನಾವು ಆ ಫೋನ್ ಕಿತ್ಕೊಳ್ಳಲಿಲ್ಲ. ಅಣ್ಣ ದಿನಾ ರಾತ್ರಿ ಅವನ ಪಕ್ಕ ಕೂತು ಅದೇ ವಿಡಿಯೋ ನೋಡಿ ಅವನ ಜೊತೆ ಜಗಳ ಆಡ್ತಾನೆ. ಈಗ ಸ್ವಲ್ಪ ಪರವಾಗಿಲ್ಲ.

ಮಹಡಿಮನೆ · 11:55

ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಆ "ನಿನ್ನೆ ತಾನೇ ಹೋಯ್ತು" ಅನ್ನೋ ಮಾಲೀಕನಾಗಲಿಲ್ಲ ಅಂತ ಸಮಾಧಾನ, ಕಿಟಕಿ ಇಣುಕೋ ಮಾಲೀಕನಾದೆ ಅಂತ ಬೇಜಾರು.

ತೊಕ್ಕೊಟ್ಟು_ಎಕ್ಸ್‌ಪ್ರೆಸ್ · 12:10

ಚಹಾ_ಕಡಕ್ ಅವರೇ, ನಿಮ್ಮ ಅಣ್ಣನ ಮಗನ ಹಾಗೆಯೇ ನಮ್ಮಲ್ಲೂ ಒಬ್ಬ ಉಂಟು, ಬೇರೆ ಬಣ್ಣದ್ದು. ನನ್ನ ಅಕ್ಕನ ಮಗ. ಮೂಲ್ಕಿಯ ಬಪ್ಪನಾಡು ದೇವಸ್ಥಾನ ಗೊತ್ತುಂಟಲ್ಲ, ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಅಂತ ಐತಿಹ್ಯ. ಸಣ್ಣವನಿದ್ದಾಗ ಆ ಕಥೆ ಕೇಳಿಯೇ ಅವ ಊಟ ಮಾಡುತ್ತಿದ್ದದ್ದು. 2022ರ ಜಾತ್ರೆಗೆ ಅಲ್ಲಿಯೇ ಮುಸ್ಲಿಂ ವ್ಯಾಪಾರಿಗಳು ಬೇಡ ಅಂತ ಬ್ಯಾನರ್ ಬಿತ್ತು. ಅದರ ಫೋಟೋವನ್ನು ನನಗೆ ಕಳಿಸಿದ್ದು ಯಾರು ಹೇಳಿ? ಅವನೇ. ಕೆಳಗೆ ಐದು ಬೆಂಕಿಯ ಚಿತ್ರ. ಕಥೆ ನೆನಪಿಲ್ಲವಾ ಅಂತ ಕೇಳಿದೆ. "ಅದೆಲ್ಲ ಅಜ್ಜಿ ಕಥೆ ಮಾಮ" ಅಂದ.

ಗಿರಿನಗರ_ಗಿರಿ · 12:19

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಬ್ಯಾನರ್ ಎಲ್ಲಿ, ಬಾಂಬ್ ಎಲ್ಲಿ?

ಸಾಧನಕೇರಿ_ಸಂಜೆ · 12:41

ತಕ್ಕಡಿ ಬ್ಯಾಡ್ರಿ, ಬಾಗಿಲಾ ತಗೋರಿ. ಧಾರವಾಡದಾಗ ಇರೋರಿಗೆ 2015ರ ಆಗಸ್ಟ್ 30 ಮರೆಯಂಗಿಲ್ಲ. ಭಾನುವಾರ ಮುಂಜಾನೆ, ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಮನಿ ಬಾಗಿಲಿಗೆ ಬೈಕ್ ಮ್ಯಾಲೆ ಇಬ್ಬರು ಬಂದ್ರು. ವಿದ್ಯಾರ್ಥಿಗಳು ಬಂದಾರ ಅಂತ ಮನಿಯವರು ಬಾಗಿಲಾ ತಗದ್ರು. ಮುಂದಿಂದು ಎಲ್ಲರಿಗೂ ಗೊತ್ತೈತಿ. ಎರಡು ವರ್ಷಕ್ಕ ಬೆಂಗಳೂರಿನ ರಾಜರಾಜೇಶ್ವರಿನಗರದಾಗ ಪತ್ರಕರ್ತೆ ಗೌರಿ ಲಂಕೇಶ್ ಮನಿ ಗೇಟಿನ್ಯಾಗ. ಎರಡೂ ಕಡೆ ಹಾರಿಸಿದ್ದು ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನದವರು ಹೇಳಿದ್ರು.

ಧಾರವಾಡದಾಗ ಹುಡುಗರು ಮೇಷ್ಟ್ರ ಮನಿಗೆ ಕೇಳದಂಗ ಬರತಾರ. ಅದು ಇಲ್ಲಿನ ಪದ್ಧತಿ. ನಾನೂ ಹಂಗ ಬೆಳೆದಾಕಿ. ಆ ದಿನದ ಮ್ಯಾಲೆ ನಮ್ಮ ಮನ್ಯಾಗ ಕಿಟಕಿ ನೋಡಿ ಬಾಗಿಲಾ ತಗಿಯೂದು ಶುರು ಆತು. ನಮ್ಮ ಅಪ್ಪಾರ ಹಳೆ ವಿದ್ಯಾರ್ಥಿ ಒಬ್ಬ, ಹೆಲ್ಮೆಟ್ ಹಾಕ್ಕೊಂಡ ಲಗ್ನಪತ್ರಿಕಾ ಕೊಡಾಕ ಬಂದಾವ, ಹತ್ತು ನಿಮಿಷ ಹೊರಗ ನಿಂತ.

ಬಿಟ್ಟುಬಾಕ್ಸ್ · 12:58

ಗೌರಿ ಕೇಸಲ್ಲಿ ತಂತ್ರಜ್ಞಾನದ ವಿಷಯ ವಿಚಿತ್ರವಾಗಿದೆ. ನಾವು ಎಲ್ಲರೂ ಸ್ಮಾರ್ಟ್‌ಫೋನು, ಆ್ಯಪು ಅಂತಿದ್ದಾಗ ಆರೋಪಿಗಳು ಕಾಯಿನ್ ಬೂತಿಂದ ಮಾತಾಡ್ತಿದ್ರು, ಡೈರಿಯಲ್ಲಿ ಸಂಕೇತ ಭಾಷೆಯಲ್ಲಿ ಬರೀತಿದ್ರು ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಹೇಳಿದ್ದು. ಕ್ಯಾಮೆರಾದಲ್ಲಿ ಕಂಡಿದ್ದು ಹೆಲ್ಮೆಟ್ ಹಾಕಿದ ಆಕೃತಿ. ಕೊನೆಗೆ ಅವನ ನಡಿಗೆಯ ಧಾಟಿಯನ್ನ ಲ್ಯಾಬಲ್ಲಿ ಹೋಲಿಸಿದ್ರು. ಕ್ಯಾಮೆರಾ ಬೇಡ ಅಂತಲ್ಲ. ಆದ್ರೆ ಅದು ಆದ ಮೇಲೆ ಹೇಳೋ ಸಾಕ್ಷಿ, ಆಗದ ಹಾಗೆ ತಡೆಯೋ ಕಾವಲುಗಾರ ಅಲ್ಲ. 2024ರ ಮಾರ್ಚ್ 1ಕ್ಕೆ ಕುಂದಲಹಳ್ಳಿ ಹತ್ರದ ರಾಮೇಶ್ವರಂ ಕೆಫೆಯಲ್ಲೂ ಅದೇ. ಬಂದ, ರವೆ ಇಡ್ಲಿ ತಗೊಂಡ, ಬ್ಯಾಗ್ ಇಟ್ಟು ಹೋದ. ಎಲ್ಲ ರೆಕಾರ್ಡಾಗಿದೆ, ತಡೆದಿದ್ದು ಏನೂ ಇಲ್ಲ. ಆ ಕ್ಯಾಮೆರಾ, ಅವನು ಬಿಸಾಡಿದ ಟೋಪಿ, ಇವೆರಡರ ಜಾಡು ಹಿಡಿದೇ ಆಮೇಲೆ ಹುಡುಕಿದ್ದು.

ಎಡಿಸನ್_ರಾಯರು · 1:10

ನ್ಯೂಜೆರ್ಸಿಯಿಂದ. ಇಲ್ಲಿ ನಮ್ಮ ರಸ್ತೆಯಲ್ಲಿ ಎಲ್ಲರ ಬಾಗಿಲಿಗೂ ಕ್ಯಾಮೆರಾ ಬೆಲ್ ಇದೆ. ಹೋದ ತಿಂಗಳು ನಮ್ಮ ನೆರೆಹೊರೆ ಆ್ಯಪಿನಲ್ಲಿ "ಅನುಮಾನಾಸ್ಪದ ವ್ಯಕ್ತಿ, ಕಂದು ಬಣ್ಣ, ಮಂಕಿ ಟೋಪಿ" ಅಂತ ಒಂದು ವಿಡಿಯೋ ಬಂತು. ನಮ್ಮಪ್ಪ. ಮೈಸೂರಿಂದ ಬಂದು ಮೂರು ದಿನ ಆಗಿತ್ತು, ವಾಕಿಂಗ್ ಹೋಗಿದ್ರು.

ಅವರೆಮೇಳ · 1:12

ಮಂಕಿ ಟೋಪಿ ಅಂತರರಾಷ್ಟ್ರೀಯ ಭದ್ರತಾ ಸಮಸ್ಯೆ 😂

ಮೂರನೇ_ಬೀಟು · 2:30

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಎರಡು ಮಾತು.

ಒಂದು, ಬಾಡಿಗೆದಾರನ ಮಾಹಿತಿ ಕೊಡಬೇಕಾದದ್ದು ಠಾಣೆಗೆ. ಕುಕ್ಕರ್ ಪ್ರಕರಣ ಆದ ಮೇಲೆ ಮೈಸೂರಿನಲ್ಲಿ ಪೊಲೀಸರು ಮಾಲೀಕರಿಗೆ ಇದನ್ನು ಒತ್ತಿ ಹೇಳಿದ್ದಾರೆ. ಗ್ರೂಪ್ ಅಡ್ಮಿನ್‌ಗೆ ಯಾವ ಅಧಿಕಾರವೂ ಇಲ್ಲ. ಠಾಣೆಗೆ ಕೊಡುವುದನ್ನು ತಪ್ಪಿಸಬೇಡಿ, ಹುಡುಗ ಒಳ್ಳೆಯವನು ಅಂತ ಅನಿಸಿದರೂ ತಪ್ಪಿಸಬೇಡಿ. ಎಲ್ಲ ಬಾಡಿಗೆದಾರರದ್ದೂ ಕೊಡಿ, ಅವನೊಬ್ಬನದ್ದೇ ಅಲ್ಲ.

ಎರಡು, ಮೆಸೇಜಿನ ಶಕ್ತಿ ಏನು ಅಂತ ನಾನು ಕಣ್ಣಾರೆ ಕಂಡಿದ್ದು 2012ರ ಆಗಸ್ಟಿನಲ್ಲಿ. ಆಗ ವಾಟ್ಸಾಪ್ ಅಷ್ಟಿರಲಿಲ್ಲ, ಎಸ್ಸೆಮ್ಮೆಸ್ಸು, ಎಮ್ಮೆಮ್ಮೆಸ್ಸು. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆ ಆಗಿತ್ತು. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರನ್ನು ಹೊಡೀತಾರೆ ಅಂತ ಸುದ್ದಿ ಹಬ್ಬಿತು. ನನ್ನನ್ನು ಸಿಟಿ ರೈಲ್ವೆ ನಿಲ್ದಾಣಕ್ಕೆ ಬಂದೋಬಸ್ತಿಗೆ ಹಾಕಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಟ್ಟರೂ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಸೆಕ್ಯುರಿಟಿ ಕೆಲಸದ ಯೂನಿಫಾರ್ಮಿನಲ್ಲೇ ಬಂದ ಹುಡುಗರು, ಸಂಬಳವನ್ನೂ ಇಸಕೊಂಡಿರಲಿಲ್ಲ. ಒಬ್ಬನನ್ನು ಕೇಳಿದೆ, ನಿನಗೆ ಯಾರಾದರೂ ಹೊಡೆದರೇನಪ್ಪ? ಇಲ್ಲ ಸಾರ್. ಬೈದರಾ? ಇಲ್ಲ ಸಾರ್. ಮತ್ತೆ? ಫೋನ್ ತೋರಿಸಿದ. ಯಾರು ಕಳಿಸಿದ್ದು? ಫ್ರೆಂಡು. ಅವನಿಗೆ? ಅವನ ಫ್ರೆಂಡು. ಆ ಹುಡುಗ ನಮ್ಮ ಠಾಣೆ ಎದುರಿನ ಎಟಿಎಂ ಕಾಯುತ್ತಿದ್ದವನು, ದಿನಾ ನನಗೆ ಸೆಲ್ಯೂಟ್ ಹೊಡೆಯುತ್ತಿದ್ದ. ನಾನು ಎದುರಿಗೆ ನಿಂತು ಏನೂ ಆಗಲ್ಲ ಅಂದರೂ ನಂಬಲಿಲ್ಲ, ಫೋನನ್ನು ನಂಬಿದ. ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಮೆಸೇಜ್ ನಿಲ್ಲಿಸಿ, ಒಮ್ಮೆಗೆ ಐದಕ್ಕಿಂತ ಹೆಚ್ಚು ಜನಕ್ಕೆ ಕಳಿಸಬಾರದು ಅಂತ ಮಾಡಬೇಕಾಯಿತು.

ಬಿಟ್ಟುಬಾಕ್ಸ್ · 2:44

ಆರು ವರ್ಷ ಆದ್ಮೇಲೆ ವಾಟ್ಸಾಪ್ ಕೂಡ ಭಾರತದಲ್ಲಿ ಫಾರ್ವರ್ಡ್ ಮಿತಿ ಐದಕ್ಕೆ ಇಳಿಸ್ತು. 2018ರ ಜುಲೈ. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ರು ಅಂತ, ಮಕ್ಕಳ ಕಳ್ಳರು ಅಂತ ವಿಡಿಯೋ ಹಬ್ಬಿಸಿ, ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನ ಜನ ಹೊಡೆದು ಕೊಂದ್ರು. ಕಾರು ತಪ್ಪಿಸ್ಕೊಂಡು ಮುಂದಿನ ಊರು ಮುಟ್ಟೋ ಮುಂಚೆ ವಿಡಿಯೋ ಮುಟ್ಟಿತ್ತು.

ಮಲ್ಲಿಗೆ_ಮೊಳ · 3:15

ಯಾರೂ ಪಿಜಿ ಹುಡುಗಿಯರ ಕಷ್ಟ ಹೇಳ್ತಿಲ್ಲ, ನಾನೇ ಹೇಳ್ತೀನಿ. ನಾಲ್ಕು ವರ್ಷದಲ್ಲಿ ಮೂರು ಪಿಜಿ ಬದಲಾಯಿಸಿದೀನಿ, ಮೂರಕ್ಕೂ ಆಧಾರ್, ಫೋಟೋ, ಅಪ್ಪನ ನಂಬರು, ಆಫೀಸ್ ಐಡಿ ಕೊಟ್ಟಿದೀನಿ. ಬಿಡೋವಾಗ ವಾಪಸ್ ಕೊಟ್ಟಿದ್ದು ಯಾರೂ ಇಲ್ಲ. ಮೊದಲನೇ ಪಿಜಿ ಬಿಟ್ಟು ವರ್ಷ ಆದ್ಮೇಲೆ ಅಲ್ಲಿನ ಅಡುಗೆಯವನು "ಹ್ಯಾಪಿ ಬರ್ತ್‌ಡೇ" ಅಂತ ಮೆಸೇಜ್ ಮಾಡಿದ. ಹುಟ್ಟಿದ ದಿನ ಎಲ್ಲಿ ಸಿಕ್ತು? ರಿಜಿಸ್ಟರಲ್ಲಿ.

ನೀವೆಲ್ಲ ಬಾಡಿಗೆಗೆ ಬರೋರಿಂದ ಮನೆಯವರಿಗೆ ಅಪಾಯ ಅಂತ ಮಾತಾಡ್ತಿದೀರ. ಸ್ಪೇರ್ ಕೀ ಇರೋದು ಯಾರ ಹತ್ರ?

ಕಿಟಕಿ_ಸರಳು · 3:22

ಮಲ್ಲಿಗೆಯವರಿಗೆ ನೂರಕ್ಕೆ ನೂರು. ಮಹಡಿಮನೆಯವರೇ, ನೀವು ಇಣುಕಿದ ಕಿಟಕಿಗೆ ಒಂದು ಪರದೆ ಹಾಕಿಸಿಕೊಡಿ.

ಮಹಡಿಮನೆ · 3:25

🙏 ಹಾಕಿಸ್ತೀನಿ.

ಸೊಸೆ_ಸುದ್ದಿ · 4:02

ಭಯದ ಮಾತು ಬಂದಿದ್ದಕ್ಕೆ ನಮ್ಮತ್ತೆ ಕಥೆ. ಅವರಿಗೆ ಪೊಲೀಸ್ ಡ್ರೆಸ್ಸಲ್ಲಿ ಒಬ್ಬ ವಿಡಿಯೋ ಕಾಲ್ ಮಾಡಿದ. "ನಿಮ್ಮ ಆಧಾರಲ್ಲಿ ತೆಗೆದ ಸಿಮ್ ಭಯೋತ್ಪಾದಕರ ಹತ್ರ ಸಿಕ್ಕಿದೆ, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡಿದೀವಿ, ಕ್ಯಾಮೆರಾ ಮುಂದಿಂದ ಏಳಬೇಡಿ." ಅತ್ತೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕುರ್ಚಿಯಲ್ಲಿ ಕೂತಿದ್ರು. ಶುಗರ್ ಮಾತ್ರೆಯನ್ನೂ ಅವರ ಪರ್ಮಿಶನ್ ಕೇಳಿ ತಗೊಂಡ್ರಂತೆ! ಎಫ್‌ಡಿ ಮುರಿಸೋ ಮಾತು ಶುರುವಾಗೋ ಹೊತ್ತಿಗೆ ಕರೆಂಟ್ ಹೋಯ್ತು, ವೈಫೈ ಕಟ್ಟಾಯ್ತು. ಅತ್ತೆ ಗಾಬರಿಯಿಂದ ನನಗೆ ಫೋನ್ ಮಾಡಿ "ನಾನು ಬೇಕಂತ ಕಟ್ ಮಾಡಿಲ್ಲ ಅಂತ ಅವರಿಗೆ ಹೇಳಮ್ಮ" ಅಂತ ಅಳು.

ಯಾಕೆ ನಂಬಿದ್ರಿ ಅಂದ್ರೆ, "ಆ ಹುಬ್ಬಳ್ಳಿಯವರಿಗೆ ಹಾಗೇ ಆಗಿತ್ತಲ್ಲ, ಟಿವಿಯಲ್ಲಿ ಬಂದಿತ್ತಲ್ಲ" ಅಂದ್ರು. ಕಳ್ಳರಿಗೆ ನಮ್ಮ ಭಯ ನಮಗಿಂತ ಚೆನ್ನಾಗಿ ಗೊತ್ತು.

ಮೂರನೇ_ಬೀಟು · 4:10

ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ. ಇಂಥ ಕರೆ ಬಂದು ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ದುಡ್ಡು ತಡೆಹಿಡಿಯಲು ಸಾಧ್ಯ.

ಬಿಟ್ಟುಬಾಕ್ಸ್ · 4:18

ಅತ್ತೆಗೆ ಇನ್ನೊಂದು ಮಾಡಿಕೊಡಿ. ಸಂಚಾರ್ ಸಾಥಿ ಅಂತ ಸರ್ಕಾರದ ಜಾಲತಾಣ ಇದೆ. ನಂಬರು, ಓಟಿಪಿ ಹಾಕಿದ್ರೆ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ತೋರಿಸುತ್ತೆ. ನಮ್ಮ ಕಡೆ ಒಬ್ಬರಿಗೆ ಒಂಬತ್ತರವರೆಗೆ ಅವಕಾಶ. ನಿಮ್ಮದಲ್ಲದ್ದು ಕಂಡ್ರೆ ಅಲ್ಲೇ ದೂರು ಒತ್ತಬಹುದು. ಆಧಾರ್ ಆ್ಯಪಲ್ಲಿ ಬೆರಳಚ್ಚು ಲಾಕ್ ಮಾಡಿಬಿಡಿ. ಆಸ್ತಿ ನೋಂದಣಿ ಪತ್ರದಲ್ಲಿರೋ ಬೆರಳಚ್ಚು ನಕಲು ಮಾಡಿ ಬ್ಯಾಂಕಿಂದ ದುಡ್ಡು ತೆಗೆದ ಕೇಸು 2023ರಲ್ಲಿ ಬೆಂಗಳೂರಲ್ಲೇ ಆಗಿದೆ.

ಗಿರಿನಗರ_ಗಿರಿ · 4:40

ಈಗ ನೋಡಿದೆ. ನನ್ನ ಹೆಸರಲ್ಲಿ ಐದು ಸಿಮ್ ಇದೆ. ನಾನು ತಗೊಂಡಿರೋದು ಎರಡು.

ಅವರೆಮೇಳ · 4:41

ಏನೂ ತಪ್ಪು ಮಾಡದೋರಿಗೆ ಯಾಕೆ ಭಯ ಸಾರ್?

ಗಿರಿನಗರ_ಗಿರಿ · 4:52

ತಮಾಷೆ ಸಾಕು. ಒಂದು ಹೆಂಡತಿದು. ಉಳಿದೆರಡು ಯಾರದ್ದೋ. ದೂರು ಒತ್ತಿದೀನಿ. ಕೈ ನಡುಗ್ತಿದೆ ಕಣ್ರೀ.

ಉಣಕಲ್_ಕೆರಿ_ದಂಡಿ · 5:05

ಎಲ್ಲೆರ ಜೆರಾಕ್ಸ್ ಕೊಟ್ಟಿರಬೇಕು ನೋಡ್ರಿ. ನಮ್ಮ ಓಣಿ ಜೆರಾಕ್ಸ್ ಅಂಗಡ್ಯಾಗ ಎಲ್ಲಾರೂ ಅವನ ವಾಟ್ಸಾಪಿಗೆ ಆಧಾರ್ ಕಳಿಸಿ ಪ್ರಿಂಟ್ ತಗೋತಾರ. ಹ್ವಾದ ವಾರ ಅವ ನನ್ನ ಫೈಲ್ ಹುಡುಕಾಕತ್ತಿದ್ದ, ಕಂಪ್ಯೂಟರಿನ ಡೌನ್‌ಲೋಡ್ಸ್ ತಗದ. ಇಡೀ ಓಣಿ ಅಲ್ಲೇ ಇತ್ತು. ನಮ್ಮ ಡಾಕ್ಟರು, ನಮ್ಮ ಪೂಜಾರಪ್ಪ, ಮಸೂತಿ ಮೌಲಾನಾ, ನಮ್ಮ ಮಾಜಿ ಕಾರ್ಪೊರೇಟರು. ಸರ್ವಧರ್ಮ ಸಮನ್ವಯ ಬೇರೆ ಎಲ್ಲಿ ಹುಡುಕ್ತೀರಿ?

ಕಟ್ಟುನಿಟ್ಟು · 5:20

ಎಲ್ಲ ಸರಿ. ಆದ್ರೆ ಬೆಂಗಳೂರಿನ ಡಿಜೆ ಹಳ್ಳಿ ಗಲಭೆ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಒಂದು ಫೇಸ್‌ಬುಕ್ ಪೋಸ್ಟಿಗೆ ಠಾಣೆ ಸುಟ್ರು, ಶಾಸಕರ ಮನೆ ಸುಟ್ರು.

ಚಹಾ_ಕಡಕ್ · 5:34

ಮಾತಾಡೋಣ. 2020ರ ಆಗಸ್ಟ್ 11. ಪೋಸ್ಟ್ ಕೆಟ್ಟದಾಗಿತ್ತು, ಸುಟ್ಟಿದ್ದು ಅದಕ್ಕಿಂತ ನೂರು ಪಟ್ಟು ಕೆಟ್ಟದ್ದು. ಗೋಲಿಬಾರಲ್ಲಿ ಮೂವರು ಸತ್ರು. ಸುಟ್ಟವರ ಪರ ನನ್ನ ಬಾಯಲ್ಲಿ ಒಂದು ಮಾತೂ ಬರಲ್ಲ. ಅದೇ ರಾತ್ರಿ ಅಲ್ಲೇ ಆಂಜನೇಯನ ಗುಡಿ ಸುತ್ತ ಕೈ ಕೈ ಹಿಡಿದು ನಿಂತ ಹುಡುಗರ ವಿಡಿಯೋ ನಿಮ್ಮ ಗ್ರೂಪಿಗೆ ಬಂದಿತ್ತಾ? ನಮ್ಮ ಗ್ರೂಪಿಗೆ ಅದೊಂದೇ ಬಂತು, ಸುಟ್ಟಿದ್ದು ಬರಲಿಲ್ಲ. ಸಮಸ್ಯೆ ಅರ್ಥ ಆಯ್ತಾ?

ಕಟ್ಟುನಿಟ್ಟು · 5:51

ನಮ್ಮದಕ್ಕೆ ಬಂದಿರಲಿಲ್ಲ. ಆಮೇಲೆ ಪೇಪರಲ್ಲಿ ನೋಡಿದ್ದು.

ಮಹಡಿಮನೆ · ಮಂಗಳವಾರ ರಾತ್ರಿ 9:40

ಏನಾಯ್ತು ಅಂತ ಹೇಳ್ತೀನಿ, ಉದ್ದವಾದ್ರೆ ಕ್ಷಮಿಸಿ.

ನಾನು ಇಲ್ಲಿ ಕೇಳೋ ಮುಂಚೆಯೇ ನಮ್ಮಪ್ಪ ಶುಕ್ರವಾರ ಫೋಟೋ, ಆಧಾರ್ ಎರಡೂ ಗ್ರೂಪಿಗೆ ಹಾಕಿಬಿಟ್ಟಿದ್ರು. ನನಗೆ ಗೊತ್ತಾಗಿದ್ದು ಸೋಮವಾರ, ಅದೂ ಆ ಹುಡುಗನಿಂದ. ಅವನು ಕಲಿಯೋ ಅಂಗಡಿಗೆ ಬಂದ ಗಿರಾಕಿ ಒಬ್ಬರು "ನಿನ್ನ ಫೋಟೋ ಎಲ್ಲೋ ನೋಡಿದೀನಲ್ಲ" ಅಂದು ಫೋನ್ ತೋರಿಸಿದ್ರಂತೆ. ಫೋಟೋ ಕೆಳಗೆ ಯಾರೋ "ಈತನ ಮೇಲೆ ಕಣ್ಣಿಡಿ" ಅಂತ ಸೇರಿಸಿದ್ರು. ಅಪ್ಪ ಅಳಿಸೋಕೆ ಹೋದ್ರು. ಎರಡೂವರೆ ದಿನ ದಾಟಿತ್ತು, ಎಲ್ಲರಿಗೂ ಅಳಿಸೋ ಆಯ್ಕೆಯೇ ಬರ್ಲಿಲ್ಲ. ತಮ್ಮ ಫೋನಲ್ಲಿ ಮಾತ್ರ ಅಳಿಸಿ "ಹೋಯ್ತು ನೋಡು" ಅಂತ ನನಗೆ ತೋರಿಸಿದ್ರು. ಅವರಿಗೆ ಹೇಗೆ ಅರ್ಥ ಮಾಡಿಸೋದು?

ಹುಡುಗ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ನಿಂತು "ಅಂಕಲ್, ಮೊದಲೇ ಹೇಳಿದ್ರೆ ಒಳ್ಳೆ ಫೋಟೋ ಕೊಡ್ತಿದ್ನಲ್ಲ" ಅಂದ. ನಗ್ತಾ ಹೇಳಿದ್ನೋ, ನೋವಲ್ಲಿ ಹೇಳಿದ್ನೋ ತಿಳೀಲಿಲ್ಲ. ಅಪ್ಪ ತಲೆ ತಗ್ಗಿಸಿದ್ರು.

ಇವತ್ತು ಬೆಳಿಗ್ಗೆ ನಾನು, ಅವನು ಇಬ್ಬರೂ ಠಾಣೆಗೆ ಹೋದ್ವಿ. ಕ್ಯೂಆರ್ ಸ್ಕ್ಯಾನ್ ಮಾಡಿದ್ದಾಯ್ತು, ಮುಖ ಸರಿಹೋಯ್ತು, ಮಾಸ್ಕ್ಡ್ ಪ್ರತಿ ರೆಡಿ ಇತ್ತು. ಅಲ್ಲಿದ್ದವರು ಫಾರ್ಮ್ ತುಂಬಿಸಿಕೊಂಡ್ರು. ಆಮೇಲೆ "ಆಧಾರ್ ಪೂರ್ತಿ ನಂಬರ್ ಇರೋದು ಬೇಕು, ಜೆರಾಕ್ಸ್ ಮಷೀನ್ ಕೆಟ್ಟಿದೆ, ಈ ನಂಬರಿಗೆ ವಾಟ್ಸಾಪ್ ಮಾಡಿ" ಅಂತ ತಮ್ಮ ಸ್ವಂತ ಮೊಬೈಲ್ ನಂಬರ್ ಕೊಟ್ರು. ನಾನೂ ಅವನೂ ಮುಖ ಮುಖ ನೋಡ್ಕೊಂಡ್ವಿ.

ಮೂರನೇ_ಬೀಟು · 9:52

😔 ಹೊರಗಿನ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ, ಮೇಲೆ ಅಡ್ಡಗೆರೆ ಎಳೆದು "ಬಾಡಿಗೆ ಪರಿಶೀಲನೆಗೆ ಮಾತ್ರ" ಅಂತ ದಿನಾಂಕ ಹಾಕಿ ಕೈಗೇ ಕೊಡಬಹುದಿತ್ತು.

ಮಹಡಿಮನೆ · 9:58

ಹಾಗೇ ಮಾಡಿದ್ವಿ ಸಾರ್. ಜೆರಾಕ್ಸ್ ಅಂಗಡಿಯವನು "ವಾಟ್ಸಾಪ್ ಮಾಡಿ" ಅಂದ, ಬೇಡ ಅಂತ ಒರಿಜಿನಲ್ ಗಾಜಿನ ಮೇಲಿಟ್ಟೇ ತೆಗೆಸಿದ್ವಿ. ಆಮೇಲೆ ಮನೆಗೆ ಬಂದ ಮೇಲೆ ಹುಡುಗ ಅಪ್ಪನ ಹತ್ರ "ಅಂಕಲ್, ಕರಾರುಪತ್ರಕ್ಕೆ ನಿಮ್ಮದೂ ಒಂದು ಆಧಾರ್ ಪ್ರತಿ ಬೇಕಾಗುತ್ತೆ" ಅಂದ. ಅಪ್ಪ ಥಟ್ಟನೆ "ನಂದ್ಯಾಕೆ?" ಅಂದ್ರು. ಅಂದವರು ಒಂದು ಗಳಿಗೆ ಸುಮ್ಮನಿದ್ದು, ಒಳಗೆ ಹೋಗಿ ಕನ್ನಡಕ ಹಾಕ್ಕೊಂಡು, ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದು ಕೊಟ್ರು.

ಮಲ್ಲಿಗೆ_ಮೊಳ · 10:04

ಸ್ಕೇಲ್ ಇಟ್ಟು 😄 ಪರದೆ ಹಾಕಿಸಿದ್ರಾ?

ಮಹಡಿಮನೆ · 10:06

ಅಮ್ಮನ ಹಳೇ ಸೀರೆದು. ಸದ್ಯಕ್ಕೆ.

ಚಹಾ_ಕಡಕ್ · 10:15

ಆ ಕುಕ್ಕರ್ ಹಿಡಿಗೆ ತಂತಿ ಸುತ್ತಿದಾನೆ ಅಂದ್ರಲ್ಲ, ಅದು ಬಿಸಿಯಾಗುತ್ತೆ, ಕೈ ಸುಡುತ್ತೆ. ಮೂವತ್ತು ನಲವತ್ತು ರೂಪಾಯಿಗೆ ಹೊಸ ಹಿಡಿ ಸಿಗುತ್ತೆ, ಪಾತ್ರೆ ಅಂಗಡಿಯಲ್ಲಿ ಕೇಳೋಕೆ ಹೇಳಿ.

ಉಣಕಲ್_ಕೆರಿ_ದಂಡಿ · 10:19

ಗ್ಯಾಸ್ಕೆಟೂ ನೋಡಾಕ ಹೇಳ್ರಿ. ಗಂಜಿ ಉಕ್ಕಾಕತ್ತೈತಿ ಅಂದ್ರ ಅದು ಹೋಗೇತಿ.

ಗಿರಿನಗರ_ಗಿರಿ · 10:31

ನನ್ನ ಎರಡು ಸಿಮ್ ದೂರು ಇನ್ನೂ "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸ್ತಿದೆ. ಯಾರಿಗಾದ್ರೂ ಎಷ್ಟು ದಿನ ಹಿಡೀತು?